ಮುಖ ಕಳಚಿದ ಬೆಟ್ಟ

ಜಾರ್ಜಿಯಾ ದೇಶದ ಪ್ರವಾಸಿ ಕೈಪಿಡಿಗಳಲ್ಲಿ ತಪ್ಪದೆ ಅಚ್ಚಾಗುವ ಚಿತ್ರವೊಂದಿದೆ. ಕಡಿದಾದ ಬೂದುಬಣ್ಣದ ಬಂಡೆ. ಅದರ ಮೈತುಂಬ ನೂರಾರು ಕಪ್ಪು ಕಿಂಡಿಗಳು, ಒಂದರ ಮೇಲೊಂದು, ಸಾಲುಸಾಲಾಗಿ. ಅಲ್ಲಲ್ಲಿ ಕಲ್ಲಿನ ಮೆಟ್ಟಿಲು, ಕಬ್ಬಿಣದ ಕಂಬಿ. ಕೆಳಗೆ ಕಣಿವೆಯಲ್ಲಿ ನದಿ. ಅದೇ ವಾರ್ಡ್ಜಿಯಾ, 12ನೇ ಶತಮಾನದಲ್ಲಿ ಬೆಟ್ಟದ ಒಡಲಲ್ಲಿ ಕೊರೆದ ಕ್ರೈಸ್ತ ಮಠ. ಚಿತ್ರ ನೋಡಿದವರೆಲ್ಲ ಆ ಕಿಂಡಿಗಳ ಸಾಲನ್ನೇ ಅದರ ವಾಸ್ತುಶಿಲ್ಪ ಎಂದುಕೊಂಡು ಬೆರಗಾಗುತ್ತಾರೆ.

ಮಠವನ್ನು ಮೊದಲು ಕೊರೆದವರು ಮಾತ್ರ ಈ ನೋಟವನ್ನು ಕಂಡೇ ಇರಲಿಲ್ಲ. 1283ರಲ್ಲಿ ಭೂಮಿ ನಡುಗಿತು. ಬಂಡೆಯ ಹೊರಮೈ ಸೀಳಿ ಕಣಿವೆಗೆ ಉರುಳಿತು. ಅಲ್ಲಿಯವರೆಗೆ ಕಲ್ಲಿನ ಮರೆಯಲ್ಲಿದ್ದ ಕೋಣೆ, ಓಣಿ, ಉಗ್ರಾಣಗಳೆಲ್ಲ ಒಮ್ಮೆಲೇ ಬಯಲಿಗೆ ಬಿದ್ದವು. ಇವತ್ತು ಬಾಗಿಲಿನ ಹಾಗೆ ಕಾಣುವ ಎಷ್ಟೋ ತೆರಪುಗಳು ಬಾಗಿಲುಗಳಲ್ಲ, ಮುಂದಿನ ಗೋಡೆಯನ್ನೇ ಕಳೆದುಕೊಂಡ ಒಳಮನೆಗಳು. ವಾಸ್ತುಶಿಲ್ಪಿಗಳು ಮನೆಯ ನಕ್ಷೆ ಬರೆಯುವಾಗ ಕಟ್ಟಡವನ್ನು ನೆತ್ತಿಯಿಂದ ಬುಡದವರೆಗೆ ಸೀಳಿ ತೋರಿಸುವ ‘ಸೆಕ್ಷನ್’ ಎಂಬ ಚಿತ್ರವನ್ನೂ ಬರೆಯುತ್ತಾರಲ್ಲ, ಭೂಕಂಪ ವಾರ್ಡ್ಜಿಯಾಕ್ಕೆ ಬರೆದುಕೊಟ್ಟಿದ್ದು ಅಂಥದೇ ಚಿತ್ರವನ್ನು. ಇಡೀ ಒಂದು ಮಧ್ಯಯುಗದ ಮಠ ಒಳಗೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೊರಗೆ ನಿಂತೇ ಓದಬಹುದಾದ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ. ಆದ್ದರಿಂದ ಅದನ್ನು ಮುಂಭಾಗವೆಂದು ಮೆಚ್ಚುವುದಕ್ಕಿಂತ ಸೆಕ್ಷನ್ ಎಂದು ಓದುವುದೇ ಸರಿಯಾದ ದಾರಿ.

ವಾರ್ಡ್ಜಿಯಾ ಇರುವುದು ಜಾರ್ಜಿಯಾದ ದಕ್ಷಿಣದಂಚಿನ ಸಮ್ತ್ಸ್ಖೆ-ಜವಾಖೇತಿ ಸೀಮೆಯಲ್ಲಿ, ಟರ್ಕಿಯ ಗಡಿಗೆ ಹತ್ತಿರ. ಅಖಾಲ್ತ್ಸಿಖೆ ಪಟ್ಟಣದಿಂದ ಸುಮಾರು 60 ಕಿ.ಮೀ. ದಾರಿ. ಟರ್ಕಿಯ ಮಾಳಭೂಮಿಯಲ್ಲಿ ಹುಟ್ಟಿ ಜಾರ್ಜಿಯಾ, ಅಜರ್‌ಬೈಜಾನ್‌ಗಳನ್ನು ಹಾದು ಕ್ಯಾಸ್ಪಿಯನ್ ಸಮುದ್ರ ಸೇರುವ ಕುರಾ ನದಿ ಇಲ್ಲಿ ಇಕ್ಕಟ್ಟಾದ ಕಣಿವೆಯಲ್ಲಿ ಹರಿಯುತ್ತದೆ. ಜಾರ್ಜಿಯನ್ನರು ಅದನ್ನು ಮ್ತ್ಕ್ವಾರಿ ಎನ್ನುತ್ತಾರೆ. ಅದರ ಎಡದಂಡೆಯ ಎರುಶೇತಿ ಬೆಟ್ಟದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1,300 ಮೀಟರ್ ಎತ್ತರದಲ್ಲಿ, ಸುಮಾರು ಅರ್ಧ ಕಿ.ಮೀ. ಉದ್ದಕ್ಕೆ ಗುಹೆಗಳು ಹಬ್ಬಿವೆ. ಇದು ದಂಡು ಹಾಯುವ ದಾರಿ. ಅದನ್ನು ಕಾಯಲೆಂದೇ ಖೆರ್ತ್ವಿಸಿ, ತ್ಮೋಗ್ವಿ ಕೋಟೆಗಳು ಇದೇ ಕಣಿವೆಯಲ್ಲಿ ಎದ್ದಿವೆ.

ಬಂಡೆ ಕೊರೆದು ಬದುಕುವುದು ಜಾರ್ಜಿಯನ್ನರಿಗೆ ಹೊಸದಾಗಿರಲಿಲ್ಲ. ಗೋರಿ ಪಟ್ಟಣದ ಬಳಿಯ ಉಪ್ಲಿಸ್ತ್ಸಿಖೆಯಲ್ಲಿ ಕ್ರೈಸ್ತ ಧರ್ಮ ಬರುವ ಮೊದಲೇ ಕಲ್ಲಿನಲ್ಲಿ ಊರೊಂದನ್ನು ಕಡಿದಿದ್ದರು. ಪೂರ್ವದ ಒಣ ಸೀಮೆಯಲ್ಲಿ 6ನೇ ಶತಮಾನದಲ್ಲಿ ದಾವಿದ್ ಎಂಬ ಸಂತ ನೆಲೆಸಿದ ಗುಹೆಗಳು ದಾವಿದ್ ಗರೇಜಾ ಎಂಬ ದೊಡ್ಡ ಮಠಸಮೂಹವಾಗಿ ಬೆಳೆದವು. ವಾರ್ಡ್ಜಿಯಾದ ನೆರೆಯಲ್ಲೇ ಇರುವ ವಾನಿಸ್ ಕ್ವಾಬೆಬಿ ಗುಹೆಗಳು ಅದಕ್ಕಿಂತ ನಾಲ್ಕು ಶತಮಾನ ಹಿರಿಯವು. ಹೀಗಾಗಿ ಮೂರನೇ ಗಿಯೋರ್ಗಿ ದೊರೆ ಇಲ್ಲಿ ಮಠ ಮಾಡಿಸಲು ಹೊರಟಾಗ ಬಂಡೆಯ ಮರ್ಮ ಬಲ್ಲ ಕೈಗಳು ಸಿದ್ಧವಾಗಿದ್ದವು. ಹೊಸದಾಗಿದ್ದದ್ದು ಕೆಲಸದ ಗಾತ್ರ, ಮತ್ತು ಅದರ ಹಿಂದಿದ್ದ ಅರಮನೆಯ ಹಣ.

ಗಿಯೋರ್ಗಿ ಆಳಿದ್ದು 1156ರಿಂದ 1184ರವರೆಗೆ. ಆತನ ಕಾಲದಲ್ಲಿ ಜಾಗ ಗೊತ್ತುಮಾಡಿ ಮೊದಲ ವಾಸದ ಗುಹೆಗಳನ್ನು ಕೊರೆದರು. ಆತ ತೀರಿಕೊಂಡ ಮೇಲೆ ಪಟ್ಟದಲ್ಲಿ ಉಳಿದವಳು ಮಗಳು ತಮಾರ್. 1213ರವರೆಗೆ ಆಕೆ ಆಳಿದಳು. ಜಾರ್ಜಿಯಾದ ಚರಿತ್ರೆಯಲ್ಲಿ ಅದನ್ನೇ ಸುವರ್ಣಯುಗ ಎನ್ನುತ್ತಾರೆ. ಅವಳ ಆಳ್ವಿಕೆಯ ಮೊದಲೆರಡು ವರ್ಷಗಳಲ್ಲೇ ಮುಖ್ಯ ಇಗರ್ಜಿ ಕೊರೆದು ಮುಗಿದು, ಗೋಡೆಗಳ ಮೇಲೆ ಚಿತ್ರವೂ ಬರೆದಾಯಿತು. ಅಲ್ಲಿಂದ ಮುಂದೆ, ಸೆಲ್ಜುಕ್ ಸುಲ್ತಾನನ ಮೇಲೆ ಜಾರ್ಜಿಯನ್ನರು ಗೆದ್ದ ಬಸಿಯಾನಿ ಕಾಳಗದವರೆಗೆ, ಅಂದರೆ 1203ರ ಹೊತ್ತಿನವರೆಗೆ, ಉಳಿದ ಮನೆಗಳು, ರಕ್ಷಣೆಯ ಏರ್ಪಾಡು, ನೀರಿನ ಕಾಲುವೆಗಳು ಮುಗಿದವು. ಕೊನೆಯ ಹಂತದ ಕೆಲಸ ಭೂಕಂಪದ ನಂತರದ್ದು. ಅದರ ಮಾತು ಆಮೇಲೆ.

ಈ ಬೆಟ್ಟದ ಕಲ್ಲು ಜ್ವಾಲಾಮುಖಿ ಹೆತ್ತ ಮಗು. ಉಗುಳಿದ ಬೂದಿ ಪದರಪದರವಾಗಿ ಕೂತು, ಒಡಕು ಕಲ್ಲಿನ ಚೂರುಗಳನ್ನು ತನ್ನೊಳಗೆ ಹುದುಗಿಸಿಕೊಂಡು, ಕಾಲ ಕಳೆದಂತೆ ಗಟ್ಟಿಯಾಯಿತು. ಭೂವಿಜ್ಞಾನಿಗಳು ಇದನ್ನು ಟಫ್ ಬ್ರೆಕ್ಷಿಯಾ ಎನ್ನುತ್ತಾರೆ. ಗ್ರಾನೈಟಿನ ಮುಂದೆ ಇದು ಮೆದು. ಕಬ್ಬಿಣದ ಪಿಕಾಸಿಗೆ ಬಗ್ಗುತ್ತದೆ. ಆದರೆ ಮಣ್ಣಿನ ಹಾಗೆ ಕುಸಿಯುವುದಿಲ್ಲ. ಇಂಥ ಕಲ್ಲಿಗೆ ಸಾಮಾನ್ಯವಾಗಿ ಇನ್ನೊಂದು ಗುಣವೂ ಇದೆ: ಹೊಸದಾಗಿ ಕಡಿದಾಗ ಒಳಗಿನ ತೇವದಿಂದ ಮೃದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಮೇಲ್ಮೈ ಬಿಗಿದುಕೊಳ್ಳುತ್ತದೆ. ಬಂಡೆಯ ಎಲ್ಲ ಪದರಗಳೂ ಒಂದೇ ಬಗೆಯವಲ್ಲ. ಮಠವನ್ನು ಕೊರೆದಿರುವುದು ನಡುಪದರದಲ್ಲಿ. ಆ ಆಯ್ಕೆಯೇ ಮೊದಲ ವಾಸ್ತು ನಿರ್ಧಾರ, ಎಲ್ಲಕ್ಕಿಂತ ದೊಡ್ಡದೂ ಹೌದು.

ಕೊರೆಯುವ ಕೆಲಸದ ತರ್ಕ ಕಟ್ಟುವ ಕೆಲಸಕ್ಕೆ ಪೂರ್ತಿ ತಿರುಗುಮುರುಗು. ಕಟ್ಟುವವನು ತಳಪಾಯದಿಂದ ಮೇಲೇರುತ್ತಾನೆ, ಕೊನೆಗೆ ಸೂರು ಹಾಕುತ್ತಾನೆ. ಕೊರೆಯುವವನಿಗೆ ಸೂರು ಮೊದಲು. ಛಾವಣಿಯ ಮಟ್ಟದಲ್ಲಿ ಒಳಹೊಕ್ಕು, ಕಮಾನಿನ ಬಾಗನ್ನು ತಲೆಯ ಮೇಲೆ ಕಡಿದು ಮುಗಿಸಿ, ನಿಂತ ನೆಲವನ್ನೇ ಅಗೆಯುತ್ತ ಇಳಿಯುವುದು ಇಂಥ ಕೆಲಸದ ರೂಢಿ. ಹಾಗೆ ಮಾಡಿದರೆ ಅಟ್ಟಣೆ ಬೇಡ, ಕಮಾನನ್ನು ಹೊತ್ತು ನಿಲ್ಲಿಸಲು ಮರದ ಅಚ್ಚೂ ಬೇಡ. ಬೇಕಾದದ್ದು ಮುಂಚೆಯೇ ಮಾಡಿಟ್ಟ ಲೆಕ್ಕ. ಕಂಬ ಬೇಕೆಂದರೆ ಅದು ಇರುವ ಜಾಗದಲ್ಲಿ ಉಳಿ ಮುಟ್ಟದೆ ಬಿಡಬೇಕು. ಕಲ್ಲಿನ ಹಲಗೆ ಬೇಕು, ಗೂಡು ಬೇಕು, ಬಾಗಿಲ ಹೊಸ್ತಿಲು ಬೇಕು ಎಂಬುದೆಲ್ಲ ಕಡಿಯುವ ಮೊದಲೇ ತೀರ್ಮಾನವಾಗಬೇಕು. ಒಮ್ಮೆ ಹೆಚ್ಚು ಕಡಿದರೆ ತೇಪೆ ಹಾಕುವುದಕ್ಕಿಲ್ಲ. ಎರಡು ಕೋಣೆಗಳ ನಡುವೆ, ಮೇಲಂತಸ್ತಿಗೂ ಕೆಳಂತಸ್ತಿಗೂ ನಡುವೆ ಎಷ್ಟು ದಪ್ಪ ಕಲ್ಲು ಉಳಿಸಬೇಕೆಂಬ ಅಂದಾಜು ತಪ್ಪಿದರೆ ತನ್ನ ತಲೆಯ ಮೇಲೆಯೇ ಬೀಳುತ್ತದೆ. ಕಾಗದದ ಮೇಲೆ ಬರೆದ ನಕ್ಷೆ ಯಾವುದೂ ನಮ್ಮ ಕೈಗೆ ಬಂದಿಲ್ಲ. ಕೈಗೆ ಸಿಗುವ ದಾಖಲೆ ಗೋಡೆಯ ಮೇಲಿನ ಪಿಕಾಸಿಯ ಗೀರುಗಳು ಮಾತ್ರ.

ಮಠದ ವಿಂಗಡಣೆ ಸರಳ. ನಡುವೆ ಮುಖ್ಯ ಇಗರ್ಜಿ; ಅದರ ಆಚೀಚೆ ಪೂರ್ವಭಾಗ, ಪಶ್ಚಿಮಭಾಗ. ಪೂರ್ವದಲ್ಲಿ ಎಂಟು ಅಂತಸ್ತುಗಳಲ್ಲಿ 79 ಮನೆಗಳು, ಒಟ್ಟು 242 ಕೋಣೆಗಳು. ಪಶ್ಚಿಮದಲ್ಲಿ, ಇಗರ್ಜಿಗೂ ಗಂಟೆಗೋಪುರಕ್ಕೂ ನಡುವೆ, 13 ಅಂತಸ್ತುಗಳಲ್ಲಿ 40 ಮನೆಗಳು, 165 ಕೋಣೆಗಳು. ಗೋಪುರದಿಂದಾಚೆಗೆ ಅನನೌರಿ ಎಂಬ ಹಳೆಯ, ಚಿಕ್ಕ ಗುಹಾನೆಲೆ. ಎರಡೂ ಭಾಗಗಳಲ್ಲಿ ಆರಾರು ಚಿಕ್ಕ ಪ್ರಾರ್ಥನಾ ಗುಡಿಗಳು. ಪೂರ್ವದಲ್ಲಿ ಸಭೆ ಸೇರುವ ಕೋಣೆ, ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆ, ಔಷಧಾಲಯ. ಪಶ್ಚಿಮದಲ್ಲಿ ಊಟದ ಮನೆ, ಬೇಕರಿ, ಕಮ್ಮಾರನ ಕುಲುಮೆ.

ಕೋಣೆ ಮತ್ತು ಮನೆ ಎಂದು ಬೇರೆ ಬೇರೆ ಎಣಿಸಿರುವುದನ್ನು ಗಮನಿಸಬೇಕು. ಇದು ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು ಗೂಡು ಕೊಟ್ಟ ಜೇನುಹುಟ್ಟಲ್ಲ. ಒಂದೊಂದು ಮನೆಗೂ ಕೂರುವ ಜಾಗ, ಮಲಗುವ ಜಾಗ, ಸಾಮಾನಿಡುವ ಜಾಗವಿತ್ತು. ಅಂಥ ಒಂದು ಮನೆಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಗುಂಟ ಬಿಟ್ಟಿರುವ ಕಲ್ಲಿನ ಜಗಲಿ. ಕುರ್ಚಿಯೂ ಅದೇ, ಮಂಚವೂ ಅದೇ. ಅದರ ಮೇಲೆ ತೋಳಿಗೆಟಕುವ ಎತ್ತರದಲ್ಲಿ ಕಮಾನು ತಲೆಯ ಗೂಡುಗಳು. ದೀಪಕ್ಕೊಂದು, ಪುಸ್ತಕಕ್ಕೋ ವಿಗ್ರಹಪಟಕ್ಕೋ ಇನ್ನೊಂದು. ಹಿಂದಿನ ಮೂಲೆಯಲ್ಲಿ ತಗ್ಗು ಬಾಗಿಲಿನ ಚಿಕ್ಕ ಉಗ್ರಾಣ. ಮರದ ಕದ ಕೂರಿಸಲು ಬಾಗಿಲವಾಡದಲ್ಲಿ ತೋಡಿದ ಕಚ್ಚುಗಳು. ಮನೆಯ ಪೀಠೋಪಕರಣವೆಲ್ಲ ಮನೆಯ ಗೋಡೆಯದೇ ಮುಂದುವರಿಕೆ. ಹೊರಗಿನಿಂದ ತರಬೇಕಾದದ್ದು ಕದ, ಚಾಪೆ, ಪಾತ್ರೆ ಅಷ್ಟೆ. ಔಷಧಾಲಯದ ಗೋಡೆಯಂತೂ ತುಂಬ ಚಿಕ್ಕ ಚಿಕ್ಕ ಗೂಡುಗಳ ಸಾಲು. ಬೇರು, ಸೊಪ್ಪು, ಭರಣಿಗಳನ್ನು ವಿಂಗಡಿಸಿಡಲು ಹೇಳಿ ಕಡಿಸಿದಂತಿದೆ. ಊಟದ ಮನೆಯಲ್ಲಿ ಉದ್ದನೆಯ ಕಲ್ಲಿನ ಬೆಂಚು, ಪಕ್ಕದಲ್ಲೇ ರೊಟ್ಟಿ ಸುಡಲು ನೆಲದೊಳಗೆ ಇಳಿಸಿದ ತಂದೂರಿನಂಥ ಒಲೆ. ಜಾರ್ಜಿಯಾದಲ್ಲಿ ಇಂದಿಗೂ ಬೀದಿಬದಿಯ ಬೇಕರಿಗಳು ಇದೇ ಬಗೆಯ ಒಲೆಯ ಒಳಗೋಡೆಗೆ ಹಿಟ್ಟು ಬಡಿದು ರೊಟ್ಟಿ ತೆಗೆಯುತ್ತವೆ. ಅದರ ಹೆಸರು ತೋನೆ.

ಇನ್ನು ದ್ರಾಕ್ಷಾರಸ. ಪೂರ್ವಭಾಗದಲ್ಲೇ 25 ಮದ್ಯದ ಉಗ್ರಾಣಗಳಿವೆ, ಅವುಗಳ ನೆಲದಲ್ಲಿ ಕತ್ತಿನವರೆಗೆ ಹೂತ 185 ಮಣ್ಣಿನ ಹಂಡೆಗಳು. ಕ್ವೆವ್ರಿ ಎಂಬ ಈ ಹಂಡೆಯ ಬಾಯಿಯಷ್ಟೇ ನೆಲದ ಮಟ್ಟಕ್ಕೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಹಗೇವು ನೋಡಿದವರಿಗೆ ಅದರ ಕಲ್ಪನೆ ಸುಲಭ. ಅಲ್ಲಿ ಜೋಳ, ಇಲ್ಲಿ ದ್ರಾಕ್ಷಿ. ಹಿಂಡಿದ ರಸವನ್ನು ಸಿಪ್ಪೆ, ಬೀಜಗಳ ಸಮೇತ ಹಂಡೆಗೆ ಸುರಿದು ಮುಚ್ಚಿದರೆ ಅದು ಅಲ್ಲೇ ಹುಳಿತು ಮಾಗುತ್ತದೆ. ಬೇಸಿಗೆ, ಚಳಿಗಾಲಗಳಲ್ಲಿ ನೆಲದೊಳಗಿನ ತಂಪು ಹೆಚ್ಚು ಏರಿಳಿಯದಿರುವುದೇ ಈ ವಿಧಾನದ ಗುಟ್ಟು. ಬಯಲಿನಲ್ಲಾದರೆ ಅದಕ್ಕಾಗಿ ಗುಂಡಿ ತೋಡಬೇಕು. ಗುಹೆಯಲ್ಲಿ ಇಡೀ ಉಗ್ರಾಣವೇ ನೆಲದೊಳಗಿದೆ. ಈ ಪದ್ಧತಿ ಇನ್ನೂ ಬದುಕಿದೆ. 2013ರಲ್ಲಿ ಯುನೆಸ್ಕೊ ಅದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಗರ್ಜಿಯ ಪೂಜೆಗೆ ಮದ್ಯ ಬೇಕು, ನಿಜ. ಆದರೆ 185 ಹಂಡೆಗಳು ಪೂಜೆಗಷ್ಟೇ ಅಲ್ಲ. ಮಠಕ್ಕೆ ದ್ರಾಕ್ಷಿತೋಟಗಳಿದ್ದವು, ಕಣಿವೆಯ ಇಳಿಜಾರಿನಲ್ಲಿ ನೀರುಣಿಸುವ ಮಜಲುಮಜಲು ಹೊಲಗಳಿದ್ದವು. ವಾರ್ಡ್ಜಿಯಾವನ್ನು ಜಪತಪದ ಗುಹೆ ಎಂದಷ್ಟೇ ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಅದೊಂದು ದೊಡ್ಡ ಜಮೀನ್ದಾರಿಯೂ ಆಗಿತ್ತು.

ನೂರಾರು ಜನ ಬದುಕುವ ಬಂಡೆಗೆ ನೀರು ಎಲ್ಲಿಂದ? ನದಿ ಕೆಳಗಿದೆ, ದಿನವೂ ಕೊಡ ಹೊತ್ತು ಹತ್ತುವುದು ಸಾಧ್ಯವಿಲ್ಲ. ಮುತ್ತಿಗೆ ಬಿದ್ದರಂತೂ ನದಿ ಶತ್ರುವಿನ ಪಾಲು. ಹೀಗಾಗಿ ಬೆಟ್ಟದ ಮೇಲ್ಗಡೆಯ ಒರತೆಗಳಿಂದ ಸುಮಾರು ಮೂರೂವರೆ ಕಿ.ಮೀ. ದೂರ, ಬಂಡೆಯೊಳಗೆ ಸುರಂಗ ತೋಡಿ, ಸುಟ್ಟ ಮಣ್ಣಿನ ಕೊಳವೆಗಳನ್ನು ಜೋಡಿಸಿ ನೀರು ತಂದರು. ಪಂಪಿಲ್ಲದ ಕಾಲದಲ್ಲಿ ಅಷ್ಟು ದೂರಕ್ಕೂ ಇಳಿಜಾರಿನ ಹದ ತಪ್ಪಬಾರದು. ಹೆಚ್ಚಾದರೆ ಕೊಳವೆಯ ಕೀಲು ಬಿಚ್ಚುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಮುಖ್ಯ ಇಗರ್ಜಿಯ ಬೆನ್ನಿಗೆ, ಕತ್ತಲ ಓಣಿಯ ಕೊನೆಯಲ್ಲಿ, ಬಂಡೆಯಿಂದ ಜಿನುಗುವ ನೀರು ತುಂಬುವ ಕೊಳವೊಂದಿದೆ. ಜನ ಅದಕ್ಕೆ ತಮಾರಳ ಕಣ್ಣೀರು ಎಂದು ಹೆಸರಿಟ್ಟಿದ್ದಾರೆ. ನನಗೆ ಇಡೀ ಮಠದಲ್ಲಿ ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ ಈ ನೀರಿನ ವ್ಯವಸ್ಥೆಯೇ. ಚಿತ್ರಗಳ ಬಗ್ಗೆ ಪುಟಗಟ್ಟಲೆ ಬರೆಯುವವರು ಕೊಳವೆಗಳಿಗೆ ಒಂದು ಸಾಲು ಕೊಡುವುದು ಅನ್ಯಾಯ.

ಇಲ್ಲಿ ಒಂದು ಜನಪ್ರಿಯ ಕಥೆಯ ಜೊತೆ ತಕರಾರು ತೆಗೆಯಬೇಕು. ವಾರ್ಡ್ಜಿಯಾ ಹೊರಗಿನಿಂದ ಕಾಣದ ಗುಪ್ತನಗರವಾಗಿತ್ತು, ಅದಕ್ಕೆ ನದಿಯ ಬಳಿಯಿಂದ ಒಂದೇ ಒಂದು ಕಳ್ಳಸುರಂಗದ ದಾರಿ ಇತ್ತು, 6,000 ಕೋಣೆಗಳಲ್ಲಿ 50,000 ಜನ ಅಡಗಬಹುದಿತ್ತು ಎಂದು ಮಾರ್ಗದರ್ಶಿಗಳೂ ಪ್ರವಾಸಿ ಪುಸ್ತಕಗಳೂ ಹೇಳುತ್ತವೆ. ಸುರಂಗಗಳು ಇದ್ದದ್ದು ನಿಜ. ಅಂತಸ್ತಿನಿಂದ ಅಂತಸ್ತಿಗೆ ಏರುವ, ಬೇಕೆಂದಾಗ ಅಡ್ಡಗಟ್ಟಬಹುದಾದ ಒಳದಾರಿಗಳಲ್ಲಿ ಕೆಲವನ್ನು ಈಗಲೂ ತಲೆ ಬಗ್ಗಿಸಿಕೊಂಡು ಹತ್ತಬಹುದು. ಕಲ್ಲಿನ ಮರೆ ಶತ್ರುವಿನಿಂದ ಕಾಪಾಡಿತು ಎಂಬುದರಲ್ಲೂ ಸಂಶಯವಿಲ್ಲ. ಆದರೆ ಉಳಿದ ಲೆಕ್ಕ? ಇಂದು ಉಳಿದಿರುವ ಎರಡೂ ಭಾಗಗಳ ಕೋಣೆಗಳನ್ನು ಕೂಡಿದರೆ 407. ಅವುಗಳಿಗೇ 50,000 ಜನರನ್ನು ಹಂಚಿದರೆ ಕೋಣೆಗೆ 120ಕ್ಕೂ ಹೆಚ್ಚು ಮಂದಿ. ಇನ್ನು 6,000 ಕೋಣೆಗಳ ಮಾತು ನಿಜವಾಗಬೇಕಾದರೆ ಇವತ್ತು ಕಾಣುವುದರ ಹದಿನಾಲ್ಕು ಪಟ್ಟು ಒಂದೇ ಭೂಕಂಪದಲ್ಲಿ ಕುಸಿದಿರಬೇಕು. ಅಷ್ಟು ಕಳಚಿದ ಮೇಲೆ ಉಳಿದ ಕೋಣೆಗಳು ಹೀಗೆ ಅಚ್ಚುಕಟ್ಟಾಗಿ ನಿಲ್ಲುವುದು ಕಷ್ಟ.

ಗುಪ್ತನಗರವೆಂಬ ಮಾತೂ ಅಷ್ಟೇ ಜಾಳು. ಬೇಕರಿ, ಕುಲುಮೆ, ದೀಪಗಳ ಹೊಗೆ ಎಲ್ಲಿಗೋ ಹೋಗಲೇಬೇಕು. ಓದುವ, ಬರೆಯುವ ಸನ್ಯಾಸಿಗೆ ಹಗಲಿನ ಬೆಳಕು ಬೇಕು. ಗಾಳಿಯಾಡದ ಜಾಗದಲ್ಲಿ ಹಂಡೆಗಟ್ಟಲೆ ರಸ ಹುಳಿಯುತ್ತಿದ್ದರೆ ಅದು ಬಿಡುವ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ತಂಗಿ ಕೆಲಸದವನನ್ನು ಉಸಿರುಗಟ್ಟಿಸುತ್ತದೆ. ಆದ್ದರಿಂದ 1283ಕ್ಕೆ ಮೊದಲೂ ಬಂಡೆಯ ಮೈಯಲ್ಲಿ ಕಿಟಕಿಗಳು, ಬೆಳಕಿಂಡಿಗಳು ಇದ್ದೇ ಇರಬೇಕೆಂದು ನನ್ನ ಎಣಿಕೆ. ಕಣಿವೆಯಲ್ಲಿ ನಡೆದುಹೋಗುವವನಿಗೆ ಇಲ್ಲೊಂದು ಮಠವಿದೆ ಎಂದು ಗೊತ್ತಾಗುತ್ತಿತ್ತು. ಅದರ ಒಳಗು ಎಷ್ಟೆಂದು ಗೊತ್ತಾಗುತ್ತಿರಲಿಲ್ಲ. ರಕ್ಷಣೆಗೆ ಅಷ್ಟು ಸಾಕು.

ಈಗ ಮುಖ್ಯ ಇಗರ್ಜಿ. ಮಾತೆ ಮರಿಯಳ ದೇಹತ್ಯಾಗದ ಹೆಸರಿನಲ್ಲಿ ಸಮರ್ಪಿತವಾದ ಇದು 14.5 ಮೀಟರ್ ಉದ್ದ, 8.2 ಮೀಟರ್ ಅಗಲ, 9.2 ಮೀಟರ್ ಎತ್ತರದ ಒಂದೇ ಹಜಾರ. ಪೂರ್ವಕ್ಕೆ ಅರ್ಧಗೋಲದ ಗರ್ಭಗುಡಿ. ಕಮಾನಿನ ಬಾಗನ್ನು ಕಳೆದರೂ ಹತ್ತಿರ ಹತ್ತಿರ ಸಾವಿರ ಘನ ಮೀಟರ್ ಕಲ್ಲನ್ನು ಇಲ್ಲಿಂದ ಕಡಿದು, ಬುಟ್ಟಿಗಟ್ಟಲೆ ಹೊತ್ತು ಹೊರಗೆ ಹಾಕಿದ್ದಾರೆ. ತೂಕದಲ್ಲಿ ಸಾವಿರ ಟನ್ನಿಗೂ ಮೀರುತ್ತದೆ. ಹಾಗೆ ಮಾಡಿ ಸಿಕ್ಕಿದ ಖಾಲಿ ಜಾಗಕ್ಕೆ ಅವರು ಕೊಟ್ಟ ರೂಪ ಕುತೂಹಲದ್ದು. ಗೋಡೆಗಂಟಿದ ಕಂಬಗಳು ಮೇಲೆದ್ದು, ಛಾವಣಿಯನ್ನು ಹೊರುವ ಕಮಾನುಗಳಾಗಿ ಬಾಗುತ್ತವೆ. ಇಟ್ಟಿಗೆ ಕಲ್ಲಿನಿಂದ ಕಟ್ಟಿದ ಇಗರ್ಜಿಯಲ್ಲಿ ಅವಕ್ಕೆ ಕೆಲಸವಿದೆ. ಇಲ್ಲಿ ಕೆಲಸವಿಲ್ಲ, ಛಾವಣಿ ಬೆಟ್ಟದ್ದೇ ಭಾಗ, ಅದನ್ನು ಯಾರೂ ಹೊರಬೇಕಾಗಿಲ್ಲ. ಆದರೂ ಕಡಿದಿದ್ದಾರೆ. ದೇವರ ಮನೆ ಎಂದರೆ ಹೀಗಿರಬೇಕು ಎಂದು ಕಣ್ಣಿಗೆ ರೂಢಿಯಾದ ಆಕಾರವನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ವಾಸದ ಗುಹೆಗಳಲ್ಲಿ ಕಲ್ಲು ಹೇಳಿದಂತೆ ಕೇಳಿದ ಅದೇ ಉಳಿ, ಇಗರ್ಜಿಗೆ ಬಂದಾಗ ಕಲ್ಲಿಗೆ ಗಾರೆಕೆಲಸದ ವೇಷ ಹಾಕಿಸಿತು.

ಉತ್ತರದ ಗೋಡೆಯ ಬಳಿ ನಿಂತು ನೋಡಬೇಕಾದ ಚಿತ್ರವೊಂದಿದೆ. ಕಿರೀಟ ತೊಟ್ಟ ಗಿಯೋರ್ಗಿ, ಕಿರೀಟ ತೊಟ್ಟ ತಮಾರ್. ಇಬ್ಬರ ಮೈಮೇಲೂ ಬಿಜಾಂಟಿಯಂ ಚಕ್ರವರ್ತಿಗಳ ಮಾದರಿಯ ಭಾರಿ ಉಡುಪು. ತಮಾರಳ ಹೆಸರಿನ ಜೊತೆಗಿನ ಬರಹದಲ್ಲಿ ದೇವರು ಆಯುಷ್ಯ ಕೊಡಲಿ ಎಂಬ ಹಾರೈಕೆಯಿದೆ. ತಂದೆಯ ಹೆಸರಿನ ಜೊತೆ ಅದಿಲ್ಲ. ಅಂದರೆ ಚಿತ್ರ ಬರೆಯುವಾಗ ತಂದೆ ತೀರಿಹೋಗಿದ್ದ. ಮದುವೆಯಾದ ಹೆಂಗಸರು ಗಲ್ಲ ಮುಚ್ಚಿ ಸುತ್ತಿಕೊಳ್ಳುತ್ತಿದ್ದ ಬಟ್ಟೆ ತಮಾರಳ ಮುಖದ ಸುತ್ತ ಇಲ್ಲ. ಅಂದರೆ ಆಕೆಗಿನ್ನೂ ಮದುವೆಯಾಗಿರಲಿಲ್ಲ. ಈ ಎರಡು ಸುಳಿವುಗಳನ್ನು ಹಿಡಿದೇ ವಿದ್ವಾಂಸರು ಚಿತ್ರಗಳ ಕಾಲವನ್ನು 1184ರಿಂದ 1186ರ ನಡುವಿನ ಕಿರಿದಾದ ಅವಧಿಗೆ ಇಳಿಸಿದ್ದಾರೆ. ಮಧ್ಯಯುಗದ ಗೋಡೆಚಿತ್ರಗಳಿಗೆ ಇಷ್ಟು ಖಚಿತವಾದ ತಾರೀಖು ಸಿಗುವುದು ಅಪರೂಪ.

ಚಿತ್ರದ ಹಿಂದೆ ರಾಜಕೀಯವಿದೆ. ಹೆಂಗಸೊಬ್ಬಳು ತನ್ನ ಹಕ್ಕಿನಿಂದಲೇ ಜಾರ್ಜಿಯಾವನ್ನು ಆಳಿದ್ದು ಅದೇ ಮೊದಲು. ಸಾಮಂತರಲ್ಲಿ ಗುಸುಗುಸು ಜೋರಾಗಿತ್ತು. ಗಿಯೋರ್ಗಿ ಅದನ್ನು ಊಹಿಸಿಯೇ 1178ರಲ್ಲಿ, ತಾನು ಬದುಕಿರುವಾಗಲೇ, ಮಗಳಿಗೆ ಜೊತೆಪಟ್ಟ ಕಟ್ಟಿದ್ದ. ಗೋಡೆಯ ಮೇಲೆ ಸತ್ತ ತಂದೆಯ ಬಳಿ ಮಗಳು ನಿಂತಿರುವುದು ಆ ಪಟ್ಟದ ನೆನಪೋಲೆ. ಆಕೆಯನ್ನು ಜಾರ್ಜಿಯನ್ನರು ಕರೆದದ್ದೂ ದೊರೆಗೆ ಸಲ್ಲುವ ‘ಮೆಪೆ’ ಎಂಬ ಬಿರುದಿನಿಂದಲೇ. ಈ ಚಿತ್ರಗಳ ಖರ್ಚು ಹೊತ್ತವನು ಕಾರ್ತ್ಲಿ ಸೀಮೆಯ ಅಧಿಪತಿ ರಾತಿ ಸುರಮೇಲಿ. ಆತನ ಚಿತ್ರವೂ ಅದೇ ಗೋಡೆಯ ಮೇಲಿದೆ. ಹೊಸ ರಾಣಿಯ ಪಕ್ಷ ತನ್ನದೆಂದು ಸಾರಲು ಇದಕ್ಕಿಂತ ಒಳ್ಳೆಯ ಜಾಗ ಆತನಿಗೆ ಸಿಗುತ್ತಿರಲಿಲ್ಲ. ತಮಾರಳ ಕಾಲದ ಗೋಡೆಚಿತ್ರಗಳಲ್ಲಿ ಆಕೆಯ ರೂಪ ಉಳಿದಿರುವುದು ನಾಲ್ಕೇ ಕಡೆ: ಇಲ್ಲಿ, ಬೆತಾನಿಯಾದಲ್ಲಿ, ಕಿಂತ್ಸ್ವಿಸಿಯಲ್ಲಿ, ಬೆರ್ತುಬಾನಿಯಲ್ಲಿ. ನಾಲ್ಕರಲ್ಲಿ ವಾರ್ಡ್ಜಿಯಾದ್ದೇ ಹಿರಿಯದು.

ಇವು ಹಸಿ ಗಾರೆಯ ಮೇಲೆ ಬರೆದ ಚಿತ್ರಗಳಲ್ಲ. ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದವು. ಹಸಿ ಗಾರೆಯಲ್ಲಾದರೆ ಬಣ್ಣ ಸುಣ್ಣದೊಡನೆ ಒಂದಾಗುತ್ತದೆ. ಒಣ ಗಾರೆಯಲ್ಲಿ ಅದು ಮೇಲೆ ಕೂತಿರುತ್ತದೆ, ತೇವ ಬಂದರೆ ಹಕ್ಕಳೆಯಾಗಿ ಏಳುತ್ತದೆ. ಹಿಂದಿರುವ ಗೋಡೆಯೋ ನೀರು ಹೀರುವ ಟಫ್ ಕಲ್ಲು. ಇಷ್ಟಾಗಿಯೂ ಎಂಟು ಶತಮಾನ ದಾಟಿ ಇಷ್ಟು ಉಳಿದಿರುವುದಕ್ಕೆ ಬೆಟ್ಟದ ಒಳಗಿನ ಸ್ಥಿರವಾದ ಹವೆಯೇ ಕಾರಣವಿರಬೇಕು.

ಇನ್ನು 1283. ಕಣಿವೆ ಕೊರೆದು ನಿಲ್ಲಿಸಿದ ಬಂಡೆಗೆ ಒಂದು ಸಹಜ ದೌರ್ಬಲ್ಯವಿದೆ. ಒಂದು ಬದಿಯ ಒತ್ತು ಹೋದ ಮೇಲೆ ಕಲ್ಲು ಆ ಬದಿಗೆ ಸಡಿಲವಾಗುತ್ತದೆ. ಹೊರಮೈಗೆ ಸಮಾನಾಂತರವಾಗಿ, ನೆಟ್ಟಗೆ, ಬಿರುಕುಗಳು ಮೂಡುತ್ತವೆ. ಮಳೆನೀರು ಅವುಗಳಲ್ಲಿ ಇಳಿಯುತ್ತದೆ. 1,300 ಮೀಟರ್ ಎತ್ತರದ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಅಂಥ ಬಿರುಕಿನ ಹಿಂದೆಯೇ ಸಾಲುಸಾಲು ಕೋಣೆಗಳನ್ನು ಕೊರೆದರೆ ಹೊರಚಕ್ಕೆಯನ್ನು ಬೆಟ್ಟಕ್ಕೆ ಹಿಡಿದಿಟ್ಟಿದ್ದ ಕಲ್ಲೇ ಕಡಿಮೆಯಾಗುತ್ತದೆ. ಕಾಕಸಸ್ ಭೂಕಂಪಗಳ ಸೀಮೆ. ಯಾವ ಬಂಡೆಯ ಮೆದುತನ ಮಠವನ್ನು ಸಾಧ್ಯವಾಗಿಸಿತೋ ಅದೇ ಅದನ್ನು ಕೆಡವಿತು. ಕೋಣೆಗಳನ್ನು ಬೆಳಕಿನ ಆಸೆಗೆ ಹೊರಮೈಗೆ ಹತ್ತಿರ ಹತ್ತಿರ ಕೊರೆದದ್ದೂ ಅದಕ್ಕೆ ಕೈಜೋಡಿಸಿತು.

ಸಮ್ತ್ಸ್ಖೆಯ ಪಾಳೆಯಗಾರರಾದ ಜಾಕೇಲಿ ಮನೆತನದ ಬೇಕಾ ದುರಸ್ತಿಗೆ ಕೈಹಾಕಿದ. ಕಳಚಿಹೋದ ಬಂಡೆಯನ್ನು ಮತ್ತೆ ಕೊರೆಯಲಾಗುವುದಿಲ್ಲ. ಹೀಗಾಗಿ ವಾರ್ಡ್ಜಿಯಾದಲ್ಲಿ ಕೆತ್ತಿದ ಕಲ್ಲುಗಳನ್ನು ಗಾರೆಯಿಂದ ಜೋಡಿಸಿ ಕಟ್ಟುವ ಕೆಲಸ ದೊಡ್ಡದಾಗಿ ಶುರುವಾದದ್ದು ಆಗ. ಇಗರ್ಜಿಯ ಮುಂದಿರುವ ಎರಡು ಕಮಾನುಗಳ ಎತ್ತರದ ಮುಖಮಂಟಪವನ್ನು ಹತ್ತಿರದಿಂದ ನೋಡಿದರೆ ಕಲ್ಲಿನ ವರಸೆಗಳು ಎಣಿಸಲು ಸಿಗುತ್ತವೆ. ಅದರ ಪಕ್ಕದಲ್ಲೇ ವರಸೆಯಿಲ್ಲದ ಬೆಟ್ಟದ ಕಲ್ಲು. ಅತ್ತ ಪಶ್ಚಿಮದಲ್ಲಿ ಎದ್ದ ಎರಡಂತಸ್ತಿನ ಗಂಟೆಗೋಪುರವೂ ಆಗಿನದೇ. ಮುಖಮಂಟಪ ಬರಿಯ ಅಲಂಕಾರವಲ್ಲ, ಕಣಿವೆಯ ಕಡೆಯ ಒತ್ತು ಕಳೆದುಕೊಂಡ ಇಗರ್ಜಿಗೆ ಆನಿಸಿದ ಊರೆಗೋಲು. ಒಳಗೆ ಕೆಲಸವಿಲ್ಲದ ಕಮಾನುಗಳನ್ನು ಕಂಡೆವಲ್ಲ, ಹೊರಗಿನ ಈ ಎರಡು ಕಮಾನುಗಳಿಗೆ ಕೈತುಂಬ ಕೆಲಸ.

ಮುಖ ಹೋದ ಮೇಲೂ ಮಠ ಸುಮಾರು 300 ವರ್ಷ ನಡೆಯಿತು ಎಂಬುದನ್ನು ಪ್ರವಾಸಿ ಕಥೆಗಳು ಮರೆಯುತ್ತವೆ. 1551ರಲ್ಲಿ ಇರಾನಿನ ಸಫಾವಿ ಶಾಹ ತಹಮಾಸ್ಪನ ದಂಡು ನುಗ್ಗಿ, ಗುಹೆಗಳೊಳಗೇ ಕಾದಾಡಿ, ಇಗರ್ಜಿಯ ಸಂಪತ್ತನ್ನು ದೋಚಿತು. ಆ ದಂಡಯಾತ್ರೆಯ ಕಥೆ ಬರೆದ ಹಸನ್ ರೂಮ್ಲು ವಾರ್ಡ್ಜಿಯಾವನ್ನು ಅಲೆಕ್ಸಾಂಡರ್ ಕಟ್ಟಿಸಿದನೆನ್ನಲಾದ ಗೋಡೆಯ ಹಾಗೆ ಅಭೇದ್ಯ ಎಂದು ಬಣ್ಣಿಸಿದ್ದಾನೆ. ಗೆದ್ದವನು ಸೋತವನ ಕೋಟೆಯನ್ನು ಹೊಗಳುವುದು ಹಳೆಯ ವಾಡಿಕೆ. ಆದರೂ ಮುಂಭಾಗ ಉದುರಿಹೋದ ಬಂಡೆ ಹೊರಗಿನವನ ಕಣ್ಣಿಗೆ ಹಾಗೆ ಕಂಡಿತೆಂದರೆ ಗುಟ್ಟಿನ ಊರಿನ ಕಥೆ ಇನ್ನಷ್ಟು ಸಡಿಲವಾಗುತ್ತದೆ. ಬಂಡೆಯ ಕಡಿದಾದ ಎತ್ತರ ಮತ್ತು ಇಕ್ಕಟ್ಟಾದ ಒಳದಾರಿಗಳೇ ಅದರ ಬಲ. 1578ರಲ್ಲಿ ಒಟ್ಟೊಮನ್ನರು ಬಂದ ಮೇಲೆ ಸನ್ಯಾಸಿಗಳು ಜಾಗ ಖಾಲಿ ಮಾಡಿದರು. ರಷ್ಯಾ-ಟರ್ಕಿ ಯುದ್ಧ ಮುಗಿದ 1829ರಲ್ಲಿ ಈ ಸೀಮೆ ರಷ್ಯನ್ನರ ಪಾಲಾಯಿತು. 1938ರಲ್ಲಿ ಸೋವಿಯತ್ ಸರ್ಕಾರ ಇದನ್ನು ಸಂರಕ್ಷಿತ ವಸ್ತುಸಂಗ್ರಹಾಲಯವಾಗಿ ಘೋಷಿಸಿತು. 1980ರ ದಶಕದ ಕೊನೆಗೆ ಸನ್ಯಾಸಿಗಳು ಮರಳಿದರು. ಈಗಲೂ ಕೆಲವರು ಇದ್ದಾರೆ. ಅವರ ಗುಹೆಗಳ ಕಡೆ ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಬಂಡೆ ಇನ್ನೂ ಚಕ್ಕೆ ಬಿಡುತ್ತಿದೆ. ಇಟಲಿಯ ಭೂವಿಜ್ಞಾನಿಗಳ ತಂಡ ಇತ್ತೀಚಿನ ವರ್ಷಗಳಲ್ಲಿ ಕಣಿವೆಯ ಎದುರು ಮಗ್ಗುಲಿನಿಂದ ರೇಡಾರ್ ಹಾಯಿಸಿ, ಬಂಡೆಯ ಮೈ ಎಲ್ಲಿ, ಎಷ್ಟು ಜರುಗುತ್ತಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಕೆಲಸ ಮಾಡಿದೆ. ಇಗರ್ಜಿಯೊಳಗೆ 2012ರಿಂದ ಲಂಡನ್ನಿನ ಕೋರ್ಟಾಲ್ಡ್ ಇನ್‌ಸ್ಟಿಟ್ಯೂಟ್, ಜಾರ್ಜಿಯಾದ ಪರಂಪರೆ ಸಂರಕ್ಷಣಾ ಸಂಸ್ಥೆ ಮತ್ತು ತ್ಬಿಲಿಸಿಯ ಕಲಾ ಅಕಾಡೆಮಿ ಜೊತೆಗೂಡಿ ಗೋಡೆಚಿತ್ರಗಳ ಆರೈಕೆಯಲ್ಲಿ ತೊಡಗಿದವು. ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ವಾರ್ಡ್ಜಿಯಾ-ಖೆರ್ತ್ವಿಸಿ ಎಂಬ ಹೆಸರು ಬಹಳ ಕಾಲದಿಂದ ಕಾಯುತ್ತ ಕೂತಿದೆ.

ಸಂರಕ್ಷಕರ ಮುಂದಿರುವ ಪ್ರಶ್ನೆ ಬೇಕಾ ಎದುರಿಸಿದ್ದಕ್ಕಿಂತ ಜಟಿಲ. ಆತನಿಗೆ ಮಠ ನಡೆದರೆ ಸಾಕಿತ್ತು. ಕುಸಿದಲ್ಲಿ ಗೋಡೆ ಕಟ್ಟಿದ, ಗೋಪುರ ಎಬ್ಬಿಸಿದ. ಇಂದಿನವರು ಅಂತಸ್ತುಗಳ ನಡುವಿನ ತೆಳು ಕಲ್ಲಿಗೆ ಉಕ್ಕಿನ ಸರಳು ಹೊಡೆದರೆ ಬಂಡೆ ನಿಲ್ಲುತ್ತದೆ, ಆದರೆ ಕೊರೆಯುವ ಯಂತ್ರದ ನಡುಕಕ್ಕೆ ಇಗರ್ಜಿಯ ಒಣ ಗಾರೆ ಉದುರೀತೆಂಬ ಹೆದರಿಕೆ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಮೇಲಿನ ನೀರು ಇನ್ನೊಂದು ದಾರಿ ಹುಡುಕಿ, ಸಿಮೆಂಟಿನ ಲವಣಗಳನ್ನೂ ಕರಗಿಸಿಕೊಂಡು ಚಿತ್ರಗಳ ಬೆನ್ನಿಗೆ ಬರಬಹುದು. ಹೀಗಾಗಿ ಕೆಲಸ ಶುರುವಾಗಬೇಕಾದದ್ದು ಕಿಂಡಿಗಳ ಸಾಲಿನಲ್ಲಿ ಅಲ್ಲ, ಯಾರೂ ಫೋಟೊ ತೆಗೆಯದ ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಮಳೆನೀರನ್ನು ಬಿರುಕಿಗೆ ಇಳಿಯುವ ಮೊದಲೇ ಪಕ್ಕಕ್ಕೆ ತಿರುಗಿಸುವ ಚರಂಡಿಗಳು ಬೇಕು.